ಪ್ರತಿಕ್ರಿಯೆ: ಶಾಲೆಯ ಮಾಸಿಕ ಸುದ್ದಿಪತ್ರದಲ್ಲಿ ಋತುಗಳ ಆಚರಣೆ

ನಿಮ್ಮ ಪ್ರಾಥಮಿಕ ಶಾಲೆಯ ಮಾಸಿಕ ಸುದ್ದಿಪತ್ರವನ್ನು ಪೋಷಕರು ಓದುತ್ತಿಲ್ಲವೆಂದೂ, ಋತುಗಳ ಆಚರಣೆಯ ವರದಿ ವರ್ಷವರ್ಷವೂ ಒಂದೇ ಬಗೆಯಾಗಿರುತ್ತದೆಂದೂ ಬರೆದು, ಏನು ಮಾಡಬಹುದೆಂದು ಕೇಳಿದ್ದೀರಿ. ಕೆಲವು ವರ್ಷ ಇಂಥದೇ ಪತ್ರವನ್ನು ಸಿದ್ಧಪಡಿಸಿದ ನನಗೆ ತೋರುವಂತೆ, ತೊಂದರೆಯಿರುವುದು ಸುದ್ದಿಗಳನ್ನು ಜೋಡಿಸುವ ಕ್ರಮದಲ್ಲಿ. ಮುಗಿದುಹೋದ ಕಾರ್ಯಕ್ರಮದಲ್ಲಿ ಯಾರು ಸ್ವಾಗತಿಸಿದರು, ಯಾರು ವಂದಿಸಿದರು ಎಂಬುದೇ ಮೊದಲ ಪುಟವನ್ನು ತುಂಬಿಕೊಂಡರೆ, ಮುಂದಿನ ವಾರ ಮಗುವಿನ ಕೈಯಲ್ಲಿ ಏನು ಕಳುಹಿಸಬೇಕೆಂದು ಹುಡುಕುವ ತಾಯಿ ಅಲ್ಲಿಗೇ ಕಾಗದವನ್ನು ಮಡಚಿಡುತ್ತಾರೆ. ಬರಲಿರುವ ದಿನಾಂಕಗಳು, ರಜೆಗಳು ಮತ್ತು ತರಬೇಕಾದ ವಸ್ತುಗಳು ಮೇಲ್ಭಾಗದಲ್ಲಿರಲಿ. ವಂದನಾರ್ಪಣೆಗೆ ಒಂದು ಸಾಲು ಸಾಕು.

ಋತುಗಳ ವಿಷಯದಲ್ಲಿ ವೇಷಭೂಷಣಗಳಿಗಿಂತ ಮಕ್ಕಳ ಅವಲೋಕನವನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು. ಅಂಗಳದಲ್ಲಿ 1 ಮೀಟರ್ ಎತ್ತರದ ಕೋಲನ್ನು ನೆಟ್ಟು, ಪ್ರತಿ ತಿಂಗಳು 21ರ ಆಸುಪಾಸಿನಲ್ಲಿ, ಸೂರ್ಯ ಅತಿ ಎತ್ತರದಲ್ಲಿರುವ ಹೊತ್ತಿಗೆ ಅದರ ನೆರಳನ್ನು ಮಕ್ಕಳಿಂದಲೇ ಅಳೆಸಿ, ಆ ಅಳತೆಯನ್ನು ಹಿಂದಿನ ತಿಂಗಳ ಅಳತೆಯ ಪಕ್ಕದಲ್ಲಿ ಅಚ್ಚು ಹಾಕಿಸಿ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದರಿಂದ ನೆರಳು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಹಗಲು-ರಾತ್ರಿಗಳು ಹೆಚ್ಚುಕಡಿಮೆ ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಅಳತೆಗಳು ಬಹುತೇಕ ಒಂದೇ ಆಗಿರುವುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. "ನೆರಳು ಕುಳ್ಳಾಯಿತು, ಇನ್ನು ಸೆಖೆ" ಎಂದು ಎರಡನೆಯ ತರಗತಿಯ ಮಗುವೊಂದು ಬರೆದುಕೊಟ್ಟಿದ್ದನ್ನು ನಾವು ತಿದ್ದದೆ ಹಾಗೆಯೇ ಪ್ರಕಟಿಸಿದ್ದೆವು. ಆ ತಿಂಗಳು ಪೋಷಕರು ಹೆಚ್ಚು ಮಾತನಾಡಿದ್ದು, ಮುಖ್ಯೋಪಾಧ್ಯಾಯರಿಗೆ ತುಸು ಬೇಸರವಾದರೂ, ಆ ಸಾಲಿನ ಬಗ್ಗೆಯೇ.

ಮಕ್ಕಳ ಫೋಟೊ ಹಾಕುವುದಾದರೆ ಮೊದಲೇ ಪೋಷಕರ ಲಿಖಿತ ಒಪ್ಪಿಗೆ ಪಡೆಯಿರಿ; ಒಪ್ಪಿಗೆಯಿದ್ದರೂ ಫೋಟೊದ ಕೆಳಗೆ ಪೂರ್ಣ ಹೆಸರು ಬೇಡ.