ಸಿಂಪ್ಸನ್ಸ್ ನೋಡುವವರು ಪಂಕ್ ಯಾಕೆ ಕೇಳುತ್ತಾರೆ?

ನೀವು ಕೇಳಿರುವುದು ಇಷ್ಟು: ‘ದಿ ಸಿಂಪ್ಸನ್ಸ್’ ಅನ್ನುವ ಅಮೆರಿಕದ ಕಾರ್ಟೂನ್ ಧಾರಾವಾಹಿ ನೋಡಲು ಶುರು ಮಾಡಿದ್ದೀರಿ. ಅದನ್ನು ಇಷ್ಟಪಡುವವರಲ್ಲಿ ತುಂಬ ಜನಕ್ಕೆ ಪಂಕ್ ಸಂಗೀತದ ಹುಚ್ಚೂ ಇದೆ. ಇವೆರಡಕ್ಕೂ ಏನು ನಂಟು, ಪಂಕ್ ಅಂದರೆ ಬರೀ ಗಲಾಟೆ ಅಲ್ವಾ ಅಂತ. ನನಗೆ ಎರಡೂ ಪ್ರಾಣ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಂಟು ಶುರುವಾಗುವುದು ಜೆರಾಕ್ಸ್ ಮೆಷಿನ್‌ನಿಂದ. 1977ರಲ್ಲಿ ಮ್ಯಾಟ್ ಗ್ರೇನಿಂಗ್ ಲಾಸ್ ಏಂಜಲೀಸ್‌ಗೆ ಹೊಸಬರು. ಆ ಊರಿನ ಬದುಕು ಎಷ್ಟು ಕಷ್ಟ ಅಂತ ಗೆಳೆಯರಿಗೆ ಹೇಳಲು ಮೊಲಗಳನ್ನಿಟ್ಟು ಒಂದು ಕಾಮಿಕ್ ಬರೆದರು. ಹೆಸರು ‘ಲೈಫ್ ಇನ್ ಹೆಲ್’. ಅದನ್ನು ಜೆರಾಕ್ಸ್ ಮಾಡಿ, ತಾವು ಕೆಲಸಕ್ಕಿದ್ದ ರೆಕಾರ್ಡ್ ಅಂಗಡಿಯ ಪಂಕ್ ಮೂಲೆಯಲ್ಲಿ 2 ಡಾಲರ್‌ಗೆ ಒಂದರಂತೆ ಮಾರಿದರು. ಮುಂದೆ ಸಿಂಪ್ಸನ್ಸ್ ಹುಟ್ಟಿಸಿದ್ದು ಇದೇ ಮನುಷ್ಯ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತು, ಮೆಷಿನ್‌ನಿಂದ ಬಂದ ಬಿಸಿ ಹಾಳೆ ಕೈಗೆ ತಗೊಂಡವರಿಗೆ ಆ ಖುಷಿ ಗೊತ್ತಿರುತ್ತದೆ. ಯಾರ ಅನುಮತಿಯೂ ಬೇಕಿಲ್ಲ. ನಿಮ್ಮದೇ ಬರಹ, ಅರ್ಧ ಗಂಟೆಯಲ್ಲಿ ಐವತ್ತು ಪ್ರತಿ.

ಪಂಕ್ ಕೂಡ ಹಾಗೆಯೇ ಬಂದದ್ದು. ನ್ಯೂಯಾರ್ಕಿನ ಕ್ವೀನ್ಸ್‌ನ ನಾಲ್ಕು ಹುಡುಗರು 1974ರಲ್ಲಿ ರಮೋನ್ಸ್ ಅಂತ ಬ್ಯಾಂಡ್ ಕಟ್ಟಿದರು. 1976ರಲ್ಲಿ ಅವರ ಮೊದಲ ಆಲ್ಬಮ್ ಬಂತು. ಹದಿನಾಲ್ಕು ಹಾಡು, ಎಲ್ಲ ಸೇರಿ 29 ನಿಮಿಷ. ರೆಕಾರ್ಡಿಂಗ್ ಖರ್ಚು ಸುಮಾರು 6,400 ಡಾಲರ್. ಆಗ ದೊಡ್ಡ ಬ್ಯಾಂಡ್‌ಗಳು ಒಂದು ಆಲ್ಬಮ್‌ಗೆ ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ಕೂರುತ್ತಿದ್ದವು. ಗಿಟಾರ್ ಒಂದನ್ನೇ ಮೆರೆಸುವ ಸೋಲೋಗಳೂ ಉದ್ದುದ್ದ. ಇವರು ಸೋಲೋ ಕಿತ್ತುಹಾಕಿದರು. ಗಿಟಾರಿನ ಮೂರು ಸ್ವರಗುಚ್ಛ (ಕಾರ್ಡ್), ಎರಡು ನಿಮಿಷ, ಮುಗೀತು. ಅದನ್ನು ಕೇಳಿದ ಎಷ್ಟೋ ಹುಡುಗರಿಗೆ ‘ಇದು ನಮಗೂ ಬರುತ್ತದೆ’ ಅನ್ನಿಸಿತು. ವಾಷಿಂಗ್ಟನ್‌ನ ಹುಡುಗರು 1980ರಲ್ಲಿ ಡಿಸ್ಕಾರ್ಡ್ ಅನ್ನುವ ಸ್ವಂತ ರೆಕಾರ್ಡ್ ಕಂಪನಿ ಶುರು ಮಾಡಿದರು. ರೆಕಾರ್ಡಿನ ಕವರ್‌ಗಳನ್ನು ಮನೆಯಲ್ಲಿ ಕೂತು ತಾವೇ ಕತ್ತರಿಸಿ, ಮಡಚಿ, ಗೋಂದು ಹಚ್ಚುತ್ತಿದ್ದರು. ಆ ಕವರ್‌ಗಳ ಬಗ್ಗೆ ಯೋಚಿಸಿದಾಗೆಲ್ಲ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಈಗ ಸಿಂಪ್ಸನ್ಸ್‌ನ ಹಳೇ ತುಣುಕುಗಳನ್ನು ನೋಡಿ, 1987ರಲ್ಲಿ ‘ದಿ ಟ್ರೇಸಿ ಉಲ್ಮನ್ ಶೋ’ ಅನ್ನುವ ಟಿವಿ ಹಾಸ್ಯ ಕಾರ್ಯಕ್ರಮದ ನಡುವೆ ಬರುತ್ತಿದ್ದವು. ಮುಖಗಳೆಲ್ಲ ಸೊಟ್ಟ. ಗ್ರೇನಿಂಗ್ ಒರಟಾಗಿ ಗೀಚಿ ಕೊಟ್ಟಿದ್ದರು, ಆನಿಮೇಟರ್‌ಗಳು ತಿದ್ದಿಕೊಳ್ಳುತ್ತಾರೆ ಅಂದುಕೊಂಡಿದ್ದರು. ಅವರು ತಿದ್ದಲಿಲ್ಲ, ಇದ್ದ ಹಾಗೇ ಇಳಿಸಿಬಿಟ್ಟರು. ‘ಸೌತ್ ಪಾರ್ಕ್’ನವರಂತೂ ಶುರುವಿನಲ್ಲಿ ಬಣ್ಣದ ಕಾಗದ ಕತ್ತರಿಸಿ ಅಂಟಿಸಿಯೇ ಕಾರ್ಟೂನ್ ಮಾಡಿದ್ದು. ಗೆರೆ ನೀಟಾಗಿ ಇಲ್ಲದಿದ್ದರೂ ಹೇಳುವ ಮಾತು ನೇರವಾಗಿ ತಲುಪಿತು. ನನ್ನ ಪ್ರಕಾರ ನಂಟು ಅಂದರೆ ಇದೇ. ಚೆಂದ ಕಾಣುವ ತನಕ ಕಾಯದೆ, ಹೇಳಬೇಕಾದ್ದನ್ನು ಹೇಳಿಬಿಡುವುದು.

ಇನ್ನೊಂದು ನಂಟು, ಯಾರನ್ನು ನೋಡಿ ನಗುತ್ತಾರೆ ಅನ್ನುವುದು. ಒಳ್ಳೇ ಪಂಕ್ ಆಗಲಿ, ಒಳ್ಳೇ ಕಾರ್ಟೂನ್ ಆಗಲಿ, ಗೇಲಿ ಮಾಡುವುದು ಕುರ್ಚಿ ಮೇಲೆ ಕೂತವರನ್ನು. ಆ ದಾರಿ ತಪ್ಪಿದಾಗ ಬೇಜಾರಾಗುತ್ತದೆ. ಸಿಂಪ್ಸನ್ಸ್‌ನ ಭಾರತ ಮೂಲದ ಅಂಗಡಿಯವನು ಅಪು ವಿಷಯದಲ್ಲಿ ನನಗೆ ಆಗಿದ್ದು ಅದೇ. ಪಾತ್ರ ಒಳ್ಳೆಯದು. ದುಡಿಯುವವನು, ಬುದ್ಧಿವಂತ. ಆದರೆ ಆ ಧ್ವನಿ ಬಿಳಿಯ ನಟ ಹ್ಯಾಂಕ್ ಅಜಾರಿಯಾ ಅವರದು, ಎಳೆದೆಳೆದು ಆಡುವ ‘ಇಂಡಿಯನ್’ ಇಂಗ್ಲಿಷ್. ಅಮೆರಿಕದಲ್ಲಿ ಬೆಳೆದ ನನ್ನ ಚಿಕ್ಕಪ್ಪನ ಮಗನಿಗೆ ಶಾಲೆಯಲ್ಲಿ ಅದೇ ಧ್ವನಿಯಲ್ಲಿ ಮಾತಾಡಿ ಕಾಡುತ್ತಿದ್ದರಂತೆ. ಅವನು ಇವತ್ತಿಗೂ ಸಿಂಪ್ಸನ್ಸ್ ನೋಡುವುದಿಲ್ಲ. 2020ರಲ್ಲಿ ಅಜಾರಿಯಾ ಆ ಪಾತ್ರ ಬಿಟ್ಟರು. ಬಿಟ್ಟಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಹಗಲೂ ರಾತ್ರಿ ನಿಂತು ದುಡಿಯುವವನ ನಾಲಿಗೆಯನ್ನು ಆಡಿಕೊಳ್ಳುವುದರಲ್ಲಿ ಏನು ಧೈರ್ಯ ಇದೆ?

ಸಿಂಪ್ಸನ್ಸ್‌ನಲ್ಲಿ ಮೂರನೇ ಸೀಸನ್‌ನಿಂದ ಎಂಟರವರೆಗೆ ಮೊದಲು ನೋಡಿ. ಉಳಿದದ್ದು ಆಮೇಲೆ. ‘ಫ್ಯಾಮಿಲಿ ಗೈ’ ನನಗೆ ಅಷ್ಟು ಹಿಡಿಸಲಿಲ್ಲ. ಕತೆ ನಡೀತಾ ಇರುವಾಗಲೇ ಸಂಬಂಧ ಇಲ್ಲದ ಜೋಕಿಗೆ ಹಾರುತ್ತದೆ, ಯಾರ ಮೇಲೂ ಪ್ರೀತಿ ಹುಟ್ಟುವುದಿಲ್ಲ. ಜನ ಮರೆತಿರುವ ಬಂಗಾರ ಅಂದರೆ ‘ಕಿಂಗ್ ಆಫ್ ದಿ ಹಿಲ್’. ಟೆಕ್ಸಾಸ್‌ನ ಸಣ್ಣ ಊರು, ಗ್ಯಾಸ್ ಮಾರುವ ಹ್ಯಾಂಕ್ ಹಿಲ್, ಅವನ ಮೂವರು ಗೆಳೆಯರು. ನಾಲ್ವರೂ ಮನೆ ಹಿಂದಿನ ಓಣಿಯಲ್ಲಿ ಬೇಲಿಗೆ ಬೆನ್ನು ಕೊಟ್ಟು, ಕೈಯಲ್ಲಿ ಬಿಯರ್ ಹಿಡಿದು, ಸುಮ್ನೆ ನಿಂತಿರುತ್ತಾರೆ. ಒಬ್ಬ ‘ಹೂಂ’ ಅನ್ನುತ್ತಾನೆ, ಇನ್ನೊಬ್ಬನೂ ‘ಹೂಂ’. ನಮ್ಮೂರಿನ ಅರಳಿಕಟ್ಟೆ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ‘ಡಾರಿಯಾ’ ಕೂಡ ಬಿಡಬೇಡಿ, ಕಾಲೇಜು ಓದುವ ತಂಗಿ ಇದ್ದರೆ ಜೊತೆಗೆ ಕೂರಿಸಿಕೊಳ್ಳಿ.

ಪಂಕ್‌ಗೆ ರಮೋನ್ಸ್‌ನ ಮೊದಲ ಆಲ್ಬಮ್. ಆಮೇಲೆ ದಿ ಕ್ಲ್ಯಾಶ್ ಬ್ಯಾಂಡಿನ ‘ಲಂಡನ್ ಕಾಲಿಂಗ್’. 1979ರ ಕೊನೆಯಲ್ಲಿ ಬಂದದ್ದು, ಅದರಲ್ಲಿ ಜಮೈಕಾದ ರೆಗೆ ಸಂಗೀತವೂ ಇದೆ, ಹಳೇ ರಾಕ್ ಅಂಡ್ ರೋಲೂ ಇದೆ. ಪಂಕ್ ಅಂದರೆ ಬರೀ ಗಲಾಟೆ ಅನ್ನುವವರಿಗೆ ಇದಕ್ಕಿಂತ ಒಳ್ಳೇ ಉತ್ತರ ಇಲ್ಲ. ಬ್ಯಾಡ್ ಬ್ರೇನ್ಸ್ ಅಂತ ವಾಷಿಂಗ್ಟನ್‌ನ ಕಪ್ಪು ಹುಡುಗರ ಬ್ಯಾಂಡ್ ಇದೆ. ಜಾಜ್ ಫ್ಯೂಷನ್ ನುಡಿಸುತ್ತಿದ್ದವರು ಪಂಕ್‌ಗೆ ಬಂದವರು. ಅಷ್ಟು ವೇಗದಲ್ಲೂ ತಾಳ ಒಂದಿಷ್ಟೂ ಜಾರುವುದಿಲ್ಲ. ನಮ್ಮ ಬೆಂಗಳೂರಿನಲ್ಲಿ ಮೆಟಲ್‌ಗೆ ಇರುವ ಜನ ಪಂಕ್‌ಗೆ ಇಲ್ಲ. 2007ರಲ್ಲಿ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಾಗಿನ ಸಂಭ್ರಮವನ್ನು ಜನ ಇವತ್ತಿಗೂ ನೆನೆಯುತ್ತಾರೆ. ಪಂಕ್ ಕೇಳುವವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳಬೇಕು. ನೀವು ಕೇಳಿದ್ದು ನನಗೆ ಅದಕ್ಕೇ ಇಷ್ಟು ಖುಷಿಯಾಯಿತು.

ಎರಡೂ ಒಟ್ಟಿಗೆ ಬೇಕು ಅಂದರೆ 1993ರ ‘ರೋಸ್‌ಬಡ್’ ಎಪಿಸೋಡ್ ಇವತ್ತೇ ನೋಡಿ. ಶ್ರೀಮಂತ ಮುದುಕ ಬರ್ನ್ಸ್‌ಗೆ ಹುಟ್ಟುಹಬ್ಬ. ಪರದೆ ಸರಿದರೆ ನಿಂತಿರುವುದು ರಮೋನ್ಸ್, ತಮ್ಮ ಧ್ವನಿ ತಾವೇ ಕೊಟ್ಟಿದ್ದಾರೆ. ಒನ್ ಟೂ ತ್ರೀ ಫೋರ್ ಅಂತ ಎಣಿಸಿ, ಹುಟ್ಟುಹಬ್ಬದ ಹಾಡನ್ನೇ ತಮ್ಮ ವೇಗದಲ್ಲಿ ಬಾರಿಸಿ, ಕೊನೆಗೆ ಬರ್ನ್ಸ್‌ಗೆ ಮುಖದ ಮೇಲೇ ಬೈದು ಮುಗಿಸುತ್ತಾರೆ. ಮುದುಕನಿಗೆ ಕೋಪ ನೆತ್ತಿಗೇರುತ್ತದೆ. ಇವರು ಯಾರೆಂದೇ ತಿಳಿಯದೆ, ರೋಲಿಂಗ್ ಸ್ಟೋನ್ಸ್ ಅನ್ನುವ ಬೇರೆ ಬ್ಯಾಂಡಿನವರನ್ನು ಕೊಲ್ಲಿಸು ಅಂತ ಸಹಾಯಕನಿಗೆ ಆಜ್ಞೆ ಮಾಡುತ್ತಾನೆ. ಅವರು ಇವರಲ್ಲ ಅಂದರೂ ಕೇಳುವುದಿಲ್ಲ.

ಎಲ್ಲರೂ ಆ ತುಣುಕನ್ನಷ್ಟೇ ಹಂಚಿಕೊಳ್ಳುತ್ತಾರೆ. ನೀವು ಪೂರ್ತಿ ನೋಡಿ. ಆ ಕಲ್ಲುಹೃದಯದ ಮುದುಕ ಎಪಿಸೋಡ್ ಉದ್ದಕ್ಕೂ ಹುಡುಕುವುದು ಚಿಕ್ಕಂದಿನಲ್ಲಿ ಕಳೆದುಹೋದ ತನ್ನ ಕರಡಿ ಗೊಂಬೆಯನ್ನು. ಅದು ಸಿಂಪ್ಸನ್ ಮನೆಯ ಪುಟ್ಟ ಮಗು ಮ್ಯಾಗಿಯ ಕೈಯಲ್ಲಿದೆ. ಕಿತ್ತುಕೊಳ್ಳಲು ಅವನು ಏನೇನೋ ಮಾಡುತ್ತಾನೆ, ಒಂದೂ ನಡೆಯುವುದಿಲ್ಲ. ಕೊನೆಗೆ ಅವನು ಸೋತು ನಿಂತಾಗ, ಇನ್ನೂ ಮಾತೇ ಬಾರದ ಆ ಮಗು ತಾನಾಗಿಯೇ ಗೊಂಬೆಯನ್ನು ಅವನ ಕಡೆ ಚಾಚುತ್ತದೆ.