ಸ್ಕಿಪ್ ಒತ್ತಲು ಬಂದರೆ ಸಾಕಾ?

ಪ್ರಶ್ನೆ: ಮಗಳಿಗೆ 4 ವರ್ಷ. ಯೂಟ್ಯೂಬ್‌ನಲ್ಲಿ ರೈಮ್ಸ್ ನೋಡುವಾಗ ಜಾಹೀರಾತು ಬಂದರೆ ತಾನೇ ಸ್ಕಿಪ್ ಒತ್ತುತ್ತಾಳೆ. ಇಷ್ಟು ಚುರುಕಾದ ಮಗುವಿಗೆ ಅದರಿಂದ ತೊಂದರೆ ಇಲ್ಲ ಅಲ್ವಾ?

ಉತ್ತರ: ಈ ಪ್ರಶ್ನೆ ಪದೇ ಪದೇ ಬರುತ್ತಿದೆ, ಅದೂ ಹೆಮ್ಮೆಯಿಂದ. ದಯವಿಟ್ಟು ಹೆಮ್ಮೆ ಪಡಬೇಡಿ. ಅಲ್ಲಿ ಒತ್ತಿದರೆ ಹಾಡು ವಾಪಸ್ ಬರುತ್ತದೆ, ಅವಳು ಕಲಿತದ್ದು ಅಷ್ಟೇ. ತನಗೆ ಯಾರೋ ಏನನ್ನೋ ಮಾರುತ್ತಿದ್ದಾರೆ ಅನ್ನುವುದು ಏಳೆಂಟು ವರ್ಷದೊಳಗಿನ ಮಕ್ಕಳಿಗೆ ಸರಿಯಾಗಿ ಹೊಳೆಯುವುದೇ ಇಲ್ಲ. ಪಕ್ಕದಲ್ಲಿ ಕೂತು ಕೇಳಿ ನೋಡಿ: ‘ಈ ಅಂಕಲ್ ಯಾಕೆ ಬಿಸ್ಕತ್ ತೋರಿಸ್ತಿದ್ದಾರೆ?’ ‘ಚೆನ್ನಾಗಿರುತ್ತೆ, ಅದಕ್ಕೆ’ ಅನ್ನುತ್ತಾಳೆ.

ನನಗೆ ಜಾಸ್ತಿ ಭಯ ಇರುವುದು ಸ್ಕಿಪ್ ಬಟನ್ನೇ ಇಲ್ಲದ ಜಾಹೀರಾತಿನ ಬಗ್ಗೆ. ಒಂದು ಮಗು ಹೊಸ ಆಟಿಕೆಯ ಡಬ್ಬ ಬಿಚ್ಚಿ ಖುಷಿಯಿಂದ ಕಿರುಚುತ್ತದೆ. ನಿಮ್ಮ ಮಗಳ ಪಾಲಿಗೆ ಆ ಮಗು ಗೆಳೆಯ. ಎಷ್ಟೋ ಸಲ ಆ ಇಡೀ ವಿಡಿಯೊನೇ ಜಾಹೀರಾತು. ಜಾಹೀರಾತು ಬೇಡವೆಂದು ಯೂಟ್ಯೂಬ್ ಪ್ರೀಮಿಯಂಗೆ ದುಡ್ಡು ಕಟ್ಟಿದರೂ ಇದು ಹೋಗುವುದಿಲ್ಲ.

ಕಾನೂನು ಇದೆಯಲ್ಲ ಅನ್ನುತ್ತೀರಾ? ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆ ಇಲ್ಲದೆ ಕಲೆಹಾಕಿದ ಆರೋಪದ ಮೇಲೆ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ ಅಮೆರಿಕದಲ್ಲಿ 17 ಕೋಟಿ ಡಾಲರ್ ಕಟ್ಟಲು ಒಪ್ಪಿದವು. 2020ರ ಜನವರಿಯಿಂದ ‘ಮಕ್ಕಳಿಗಾಗಿ’ ಎಂದು ಗುರುತಿಸಿದ ವಿಡಿಯೊಗಳಲ್ಲಿ, ನೋಡುವವರ ಜಾಡು ಹಿಡಿದು ತೋರಿಸುವ ಜಾಹೀರಾತು ನಿಂತಿತು. ಉಳಿದ ಜಾಹೀರಾತು ಬರುತ್ತಲೇ ಇದೆ. ಜೊತೆಗೆ ಒಂದು ಮುಗಿದರೆ ಇನ್ನೊಂದನ್ನು ತಾನೇ ಹಾಕುವ ಆಟೋಪ್ಲೇ ಆ ಗುರುತಿಲ್ಲದ ವಿಡಿಯೊಗೆ ಜಾರಿದರೆ, ನಿಮ್ಮ ಖಾತೆಗೆಂದೇ ಆರಿಸಿದ ಜಾಹೀರಾತು ಮಗುವಿನ ಮುಂದೆ ಬರುತ್ತದೆ. ಫೋನಿಗೆ ಗೊತ್ತಿರುವುದು ನೀವು, ಅವಳಲ್ಲ.

ಹಾಗಾಗಿ ನಿಮ್ಮ ಖಾತೆಯಲ್ಲಿ ರೈಮ್ಸ್ ಹಾಕಿ ಕೊಡುವುದನ್ನು ಇವತ್ತೇ ನಿಲ್ಲಿಸಿ. ಮಕ್ಕಳಿಗೆಂದೇ ಇರುವ ಯೂಟ್ಯೂಬ್ ಕಿಡ್ಸ್ ಆ್ಯಪ್ ಹಾಕಿಕೊಳ್ಳಿ. ಅಲ್ಲೂ ಜಾಹೀರಾತು ಇದೆ, ಆದರೆ ತಿಂಡಿ-ಪಾನೀಯದ್ದಕ್ಕೆ ಅವಕಾಶವಿಲ್ಲ. ನೀವೇ ಆರಿಸಿದ ವಿಡಿಯೊ ಮಾತ್ರ ಕಾಣುವಂತೆ ಸೆಟ್ಟಿಂಗ್ ಇದೆ, ಅದನ್ನೇ ಇಡಿ. ಅರ್ಧ ಗಂಟೆಯ ಕೆಲಸ. ಆಟಿಕೆ ಬಿಚ್ಚುವ ಚಾನೆಲ್ ಒಂದನ್ನೂ ಸೇರಿಸಬೇಡಿ. ನನ್ನದು ಅತಿಯಾಯಿತು ಅನ್ನಿಸಿದರೂ ಸರಿ.

ಪ್ರಶ್ನೆ: ಬುದ್ಧಿ ಚುರುಕಾಗುವ ಪುಡಿಯ ಜಾಹೀರಾತು ಬರುತ್ತಿದೆ, ಕೊಡಬಹುದಾ?

ಉತ್ತರ: ಬೇಡ. ಸರಿಯಾದ ಪುರಾವೆ ಇಲ್ಲದೆ, ಇದನ್ನು ತಿಂದರೆ ಮಕ್ಕಳ ಬುದ್ಧಿ ಹೆಚ್ಚುತ್ತದೆ ಎಂದು ಜಾಹೀರಾತು ಕೊಡುವುದನ್ನು ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ತಡೆಯುತ್ತದೆ. ಡಾಕ್ಟರ್ ಕೋಟು ಹಾಕಿಕೊಂಡು ಮಾರುವವರನ್ನು ನಂಬಿ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ. ಅಂಥ ಜಾಹೀರಾತು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ.

ಪ್ರಶ್ನೆ: 10 ತಿಂಗಳ ಮಗುವಿಗೆ ಊಟ ಮಾಡಿಸಲು ಜಾಹೀರಾತು ಇಲ್ಲದ ಚಾನೆಲ್ ಯಾವುದು?

ಉತ್ತರ: ಯಾವುದೂ ಬೇಡ, ಈ ವಯಸ್ಸಿಗೆ ಸ್ಕ್ರೀನೇ ಬೇಡ.

ಪ್ರಶ್ನೆ: ಜಾಹೀರಾತು ಬಾರದಂತೆ ಮಾಡುವ ಎಪಿಕೆ ಫೈಲ್ ವಾಟ್ಸಾಪ್‌ನಲ್ಲಿ ಬಂದಿದೆ, ಹಾಕಿಕೊಳ್ಳಲಾ?

ಉತ್ತರ: ಎಪಿಕೆ ಎಂದರೆ ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಆ್ಯಪ್ ಹಾಕುವ ಫೈಲ್, ಅದರೊಳಗೆ ಮಾಹಿತಿ ಕದಿಯುವ ಆ್ಯಪ್ ಇರಬಹುದು. ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕ್ ಆ್ಯಪ್ ಕೂಡ ಇದೆ. ಆ ಫೈಲನ್ನು ಡಿಲೀಟ್ ಮಾಡಿ.