ಜಿಗಿಯುವ ಇರುವೆಯನ್ನು ಸಾಕಬಹುದೇ?

ಪ್ರಶ್ನೆ: ನಮ್ಮ ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಉದ್ದ ದವಡೆಯ, ದೊಡ್ಡ ಕಣ್ಣಿನ ಇರುವೆಯೊಂದು ಬೆಳಗಿನ ಹೊತ್ತು ಒಂಟಿಯಾಗಿ ಓಡಾಡುತ್ತದೆ. ಹತ್ತಿರ ಹೋದರೆ ಮಿಡತೆಯಂತೆ ಜಿಗಿಯುತ್ತದೆ. ಇದು ಯಾವ ಇರುವೆ? ಗೂಡನ್ನು ಅಗೆದು ತಂದು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಆಸೆ ನನಗಿದೆ.
— ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ವಿವರಣೆ ಹಾರ್ಪೆಗ್ನೇಥಸ್ ಸಾಲ್ಟೇಟರ್ ಎಂಬ ಇರುವೆಗೆ ಚೆನ್ನಾಗಿ ಹೊಂದುತ್ತದೆ. ದಕ್ಷಿಣ ಭಾರತದಲ್ಲಿ ವೈದ್ಯನಾಗಿದ್ದುಕೊಂಡೇ ಪ್ರಾಣಿಪಕ್ಷಿಗಳನ್ನು ಅಭ್ಯಸಿಸಿದ ಥಾಮಸ್ ಜೆರ್ಡನ್ 1851ರಲ್ಲಿ ಇದನ್ನು ಮೊದಲು ವರ್ಣಿಸಿದ. 2010ರಲ್ಲಿ ಇದರ ಸಂಪೂರ್ಣ ಜೀನೋಮ್, ಅಂದರೆ ವಂಶವಾಹಿಗಳ ಇಡೀ ನಕ್ಷೆ, ಪ್ರಕಟವಾಯಿತು. ಇರುವೆಗಳಲ್ಲಿ ಆ ಮಟ್ಟಿನ ಅಧ್ಯಯನಕ್ಕೆ ಒಳಗಾದ ಮೊದಲ ಕೆಲವು ಪ್ರಭೇದಗಳಲ್ಲಿ ಇದೂ ಒಂದು. ಹೀಗೆ ವಿಜ್ಞಾನಿಗಳಿಗೆ ಚಿರಪರಿಚಿತವಾದ ಈ ಜೀವಿ, ಅದು ಬದುಕುವ ಮಲೆನಾಡಿನಲ್ಲಿಯೇ ಹೆಚ್ಚಿನವರಿಗೆ ಅಪರಿಚಿತವಾಗಿ ಉಳಿದಿರುವುದು ನನಗೆ ಖೇದದ ಸಂಗತಿ.

ಗೂಡನ್ನು ದಯವಿಟ್ಟು ಅಗೆಯಬೇಡಿ. ಹೀಗೆ ಹೇಳಲು ಆ ಗೂಡಿನ ರಚನೆಯೇ ಕಾರಣ. ಜೋಗದ ಸುತ್ತಮುತ್ತಲಿನ ಗೂಡುಗಳನ್ನು ಕ್ರಿಶ್ಚಿಯನ್ ಪೀಟರ್ಸ್, ಬರ್ಟ್ ಹೋಲ್‌ಡಾಬ್ಲರ್ ಮತ್ತು ನಮ್ಮವರೇ ಆದ ಇರುವೆ ತಜ್ಞ ಮುಸ್ತಾಕ್ ಅಲಿ ಮೊದಲಾದವರು ಪರೀಕ್ಷಿಸಿ 1994ರಲ್ಲಿ ಬರೆದ ವರದಿಯ ಪ್ರಕಾರ, ನೆಲದ ಮೇಲ್ಮೈಗೆ ಸಮೀಪದಲ್ಲಿರುವ ಮೇಲಿನ ಕೋಣೆಗೆ ಕಮಾನಿನಾಕಾರದ ದಪ್ಪ ಚಾವಣಿಯಿದ್ದು, ಅದರ ಹೊರಮೈಗೂ ಸುತ್ತಲಿನ ಮಣ್ಣಿಗೂ ನಡುವೆ ತೆರವು ಇರುತ್ತದೆ. ಮಳೆನೀರು ನುಗ್ಗಿದರೂ ಕೋಣೆಯೊಳಗೆ ಇಳಿಯದಂತೆ ಈ ಏರ್ಪಾಡು ಕಾಯುತ್ತದೆ. ಕೋಣೆಯ ಒಳಗೋಡೆಗೆ, ಮರಿಗಳು ತಮ್ಮ ಸುತ್ತ ನೇಯ್ದು ಬಿಟ್ಟುಹೋದ ಗೂಡುಪೊರೆಗಳ ಚೂರುಗಳನ್ನು ಹೊದಿಸಿರುತ್ತವೆ. ಕಸ ಹಾಕಲು ಇನ್ನೂ ಆಳದಲ್ಲಿ ಪ್ರತ್ಯೇಕ ಕೋಣೆಯಿದ್ದು, ಅಲ್ಲಿ ಬದುಕುವ ನೊಣದ ಮರಿಹುಳುಗಳು ಕಸವನ್ನು ಕೊಳೆಯಿಸುತ್ತವೆ. ಇಷ್ಟೆಲ್ಲವನ್ನೂ ಕಟ್ಟುವುದು ಬಹುಮಟ್ಟಿಗೆ ನೂರಕ್ಕೂ ಕಡಿಮೆ ಸಂಖ್ಯೆಯ ಕೆಲಸಗಾರ ಇರುವೆಗಳು. ಸಾವಿರಾರು ಇರುವೆಗಳಿರುವ ಚಗಳಿ (ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ) ಗೂಡಿಗೆ ಆದ ನಷ್ಟ ತುಂಬಿ ಬಂದೀತು. ಇಲ್ಲಿ ಒಂದು ಸಲ ಗುದ್ದಲಿ ಬಿದ್ದರೆ ಇಡೀ ಸಂಸಾರವೇ ಹೋಗುತ್ತದೆ. ಅಲ್ಲದೆ ಸೊಪ್ಪಿನ ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಗು ತರುವ ಸವಲತ್ತು ಮಾತ್ರ, ಭೂಮಿ ಸರ್ಕಾರದ್ದು. ಆದ್ದರಿಂದ ಅಲ್ಲಿಂದ ಏನನ್ನೇ ಹಿಡಿದು ತರುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಂತೂ ಅನುಮತಿಯಿಲ್ಲದೆ ಹಿಡಿಯುವಂತಿಲ್ಲ.

ಸಾಕಲೇಬೇಕೆಂದರೆ, ನಿಮ್ಮ ಸ್ವಂತ ತೋಟದಲ್ಲಿ ರೆಕ್ಕೆ ಕಳಚಿ ಒಂಟಿಯಾಗಿ ಅಲೆಯುತ್ತಿರುವ ಹೊಸ ರಾಣಿ ಸಿಕ್ಕಿದಾಗ ಅದೊಂದನ್ನೇ ತನ್ನಿ. ಗುರುತಿಸುವುದು ಸುಲಭವಲ್ಲ, ಏಕೆಂದರೆ ಈ ಪ್ರಭೇದದಲ್ಲಿ ರಾಣಿಗೂ ಕೆಲಸಗಾರ ಇರುವೆಗೂ ಗಾತ್ರದಲ್ಲಿ ಹೆಚ್ಚಿನ ಅಂತರವಿಲ್ಲ. ಎದೆಯ ಭಾಗ ತುಸು ಉಬ್ಬಿದೆಯೇ, ರೆಕ್ಕೆ ಉದುರಿದ ಗುರುತು ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಬೇಕು. ಬರಿಗೈಯಲ್ಲಿ ಹಿಡಿಯಬೇಡಿ, ಇದು ಕುಟುಕುತ್ತದೆ.

ಪ್ರಶ್ನೆ: ಬೇರೆ ಇರುವೆಗಳ ರಾಣಿಯನ್ನು ನೀರು ಮತ್ತು ಹತ್ತಿ ಇಟ್ಟ ಗಾಜಿನ ನಳಿಕೆಯಲ್ಲಿ ಕತ್ತಲಲ್ಲಿಟ್ಟರೆ ಸಾಕೆಂದು ಕೇಳಿದ್ದೇನೆ. ಇದಕ್ಕೂ ಅಷ್ಟೇ ಸಾಕೇ? ರಾಣಿ ಸತ್ತರೆ ಗತಿಯೇನು?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಾಲದು. ಅನೇಕ ಇರುವೆಗಳ ರಾಣಿ ತನ್ನ ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ಮೊದಲ ಮರಿಗಳನ್ನು ಬೆಳೆಸುತ್ತದೆ. ಜಿಗಿಯುವ ಇರುವೆಯ ರಾಣಿಯಾದರೋ ತಾನೇ ಹೊರಗೆ ಬಂದು ಬೇಟೆಯಾಡಿ ಮರಿಗಳಿಗೆ ಉಣಿಸಬೇಕು. ಆದ್ದರಿಂದ ಮೊದಲ ದಿನದಿಂದಲೇ ಒಂದು ಅಂಗಳ ಬೇಕು, ಬೆಳಕು ಬೇಕು, ಜೀವಂತ ಬೇಟೆ ಬೇಕು. ಅಗಲವಾದ ಡಬ್ಬಿಯ ತಳಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಎರೆದು, ಒಂದು ಮೂಲೆಯಲ್ಲಿ ತಗ್ಗು ಮಾಡಿ, ಅದರ ಮೇಲೆ ಗಾಜಿನ ತುಂಡು ಮತ್ತು ರಟ್ಟು ಮುಚ್ಚಿ, ಪ್ಲಾಸ್ಟರನ್ನು ಸದಾ ತೇವವಾಗಿ ಇಡಿ. ಉಷ್ಣತೆ 25 ಡಿಗ್ರಿಯ ಆಸುಪಾಸಿನಲ್ಲಿರಲಿ. ಡಬ್ಬಿಗೆ ಸಣ್ಣ ಕಣ್ಣಿನ ಜಾಲರಿಯ ಮುಚ್ಚಳ ಕಡ್ಡಾಯ. ಮರಿಹುಳು ಗೂಡುಪೊರೆ ನೇಯಲು ಆಸರೆ ಬೇಕಾಗುವುದರಿಂದ ಒಣ ಮರದ ಹೊಟ್ಟನ್ನು ಒಂದು ಚಿಟಿಕೆ ಉದುರಿಸುವುದನ್ನು ಮರೆಯಬೇಡಿ. ಇದೊಂದು ತಪ್ಪಿದರೆ ಚೆನ್ನಾಗಿ ಬೆಳೆದ ಮರಿಯೂ ಕೊನೆಯ ಹಂತದಲ್ಲಿ ಸಾಯಬಹುದು. ಆಹಾರಕ್ಕೆ ಸಣ್ಣ ಜೀರುಂಡೆ ಮರಿಗಳನ್ನು ಕೊಡಿ, ಆದರೆ ಔಷಧಿ ಹೊಡೆದ ತೋಟದಿಂದ ತರಬೇಡಿ.

ರಾಣಿ ಸತ್ತರೆ ಸಂಸಾರ ಮುಗಿಯಿತೆಂದು ತಿಳಿಯಬೇಕಾಗಿಲ್ಲ, ಮತ್ತು ಈ ಇರುವೆಯ ನಿಜವಾದ ವಿಸ್ಮಯ ಇರುವುದು ಇಲ್ಲಿಯೇ. ರಾಣಿಯ ವಾಸನೆ ಮಾಯವಾದೊಡನೆ ಕೆಲಸಗಾರ ಇರುವೆಗಳು ಎದುರುಬದುರಾಗಿ ನಿಂತು ಮೀಸೆಗಳಿಂದ ಪರಸ್ಪರ ಬಡಿದು ವಾರಗಟ್ಟಲೆ ಸೆಣಸುತ್ತವೆ; ಗೆದ್ದ ಕೆಲವು ಮೊಟ್ಟೆಯಿಡಲು ತೊಡಗುತ್ತವೆ. ಸುಮಾರು 7 ತಿಂಗಳು ಬಾಳಬೇಕಾಗಿದ್ದ ಇರುವೆ ಆ ಪಟ್ಟಕ್ಕೇರಿದ ಮೇಲೆ 4 ವರ್ಷದವರೆಗೂ ಬದುಕಬಲ್ಲದು. ಅದರ ಅಂಡಾಶಯ ಹಿಗ್ಗಿ, ಮಿದುಳು ಕುಗ್ಗುತ್ತದೆ. ಅಂಥ ಇರುವೆಯನ್ನು ಪಟ್ಟದಿಂದ ಇಳಿಸಿದರೆ ಮಿದುಳು ಮತ್ತೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿದೆ. ಆದರೆ ಗಂಡಿನೊಡನೆ ಕೂಡದ ಇರುವೆ ಇಟ್ಟ ಮೊಟ್ಟೆಗಳಿಂದ ಗಂಡುಗಳು ಮಾತ್ರ ಹುಟ್ಟುತ್ತವೆ ಎಂಬುದು ನೆನಪಿರಲಿ.

ಪ್ರಶ್ನೆ: ಹೊರದೇಶದ ರಾಣಿ ಇರುವೆಗಳು ಮಾರಾಟಕ್ಕಿವೆ. ಕೊಳ್ಳಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಕೊಳ್ಳಬೇಡಿ. 2025ರಲ್ಲಿ ಕೀನ್ಯಾದಲ್ಲಿ ಸುಮಾರು 5,000 ರಾಣಿ ಇರುವೆಗಳನ್ನು ನಳಿಕೆಗಳಲ್ಲಿ ತುಂಬಿ ಸಾಗಿಸಲು ಹೊರಟಿದ್ದ ಇಬ್ಬರು ಬೆಲ್ಜಿಯಂ ತರುಣರು ಸಿಕ್ಕಿಬಿದ್ದು, ತಲಾ 10 ಲಕ್ಷ ಶಿಲ್ಲಿಂಗ್ ದಂಡ ಇಲ್ಲವೇ ಒಂದು ವರ್ಷ ಸೆರೆವಾಸದ ಶಿಕ್ಷೆಗೆ ಗುರಿಯಾದರು. ಒಂದು ರಾಣಿಯನ್ನು ಎತ್ತಿದರೆ ಅದರಿಂದ ಹುಟ್ಟಬೇಕಾಗಿದ್ದ ಗೂಡೇ ಆ ಕಾಡಿಗೆ ಇಲ್ಲವಾಗುತ್ತದೆ. ಈಗಾಗಲೇ ನಿಮ್ಮ ಬಳಿ ಅಂಥ ರಾಣಿ ಇದ್ದರೆ, ಬೇಸರವಾಯಿತೆಂದು ಅದನ್ನು ಹಿತ್ತಲಿಗೋ ಉದ್ಯಾನಕ್ಕೋ ಬಿಡಬೇಡಿ. ಸಾಯುವವರೆಗೂ ಪೆಟ್ಟಿಗೆಯಲ್ಲಿಯೇ ಜತನದಿಂದ ನೋಡಿಕೊಳ್ಳಿ.